ಸಾಲಿನ ಕೊನೆಯಲ್ಲಿ ನಿಂತ ವಿಜ್ಞಾನಿ

"ಗುರುಗಳೇ, ಹನ್ನೆರಡು ವರ್ಷದಿಂದ ಮಠದ ಶಾಲೆಯಲ್ಲಿ ಹೊಸಬರಿಗೆ ಪಾಠ ಹೇಳಿ ಹೇಳಿ ಸಾಕಾಗಿಹೋಗಿದೆ. ನಾನು ಧ್ಯಾನಕ್ಕೆ ಕೂರುವ ಸರದಿ ಯಾವಾಗ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಆಫ್ರಿಕಾದ ಒಂದು ದೇಶದಲ್ಲಿ ಒಬ್ಬಳು ವಿಜ್ಞಾನಿ ಇದ್ದಳು. ನಕ್ಷತ್ರಗಳ ಒಡಲಲ್ಲಿ ನಡೆಯುವುದೇನೆಂದು ಓದಿಕೊಂಡವರಲ್ಲಿ ಆ ನಾಡಿಗೆ ಆಕೆಯೇ ಮೊದಲನೆಯವಳು. ಪರದೇಶದಲ್ಲಿ ಓದುವಾಗಲೇ, ಒಂದು ನಕ್ಷತ್ರ ಉಬ್ಬುತ್ತ ಕುಗ್ಗುತ್ತ ಇರಬೇಕೆಂದು ಲೆಕ್ಕ ಹಾಕಿದ್ದಳು. ದೂರದರ್ಶಕದಲ್ಲಿ ನೋಡಿ ಅಳೆಯುವುದೊಂದೇ ಬಾಕಿ. ಅಲ್ಲೇ ಇದ್ದಿದ್ದರೆ ಎರಡು ವರ್ಷದ ಕೆಲಸ. ಆದರೆ ತನ್ನ ನಾಡಿನ ಮಕ್ಕಳಿಗೆ ಕಲಿಸುವವರು ಯಾರೂ ಇಲ್ಲವೆಂದು ಹಿಂದಿರುಗಿದಳು.

ದೂರದರ್ಶಕ ಬೇಕೆಂದು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದವು. ಒಂಬತ್ತನೆಯ ವರ್ಷ ಒಂದು ದೂರದರ್ಶಕ ಬಂತು. ಅಂದೇ ಆಕೆ ನಿಯಮ ಮಾಡಿದಳು: ಯಾರು ನೋಡಿಲ್ಲವೋ ಅವರು ಮೊದಲು, ಕಲಿಸುವವರು ಕೊನೆಗೆ. ಆ ನಕ್ಷತ್ರವೋ, ವರ್ಷದಲ್ಲಿ ಮೋಡವಿಲ್ಲದ ಎರಡೇ ತಿಂಗಳು, ಅದೂ ಸಂಜೆ ಒಂದು ಗಂಟೆ ಮಾತ್ರ ಗುಡ್ಡದ ಮೇಲೆ ಕಾಣುತ್ತಿತ್ತು. ಆಗ ಊರೂರಿನ ಶಾಲೆಗಳಿಂದ ಮಕ್ಕಳು ಬಂದು ಸಾಲು ನಿಲ್ಲುತ್ತಿದ್ದರು. ಆಕೆಯ ಸರದಿ ಬರುವಷ್ಟರಲ್ಲಿ ನಕ್ಷತ್ರ ಮುಳುಗಿರುತ್ತಿತ್ತು.

ಕಣ್ತುಂಬ ನೋಡಿದ ಮಕ್ಕಳಲ್ಲೊಬ್ಬ ಪರದೇಶಕ್ಕೆ ಹೋಗಿ, ಅದೇ ನಕ್ಷತ್ರವನ್ನು ಅಳೆದು ಹೆಸರು ಮಾಡಿದ. ಆಕೆ ಅವನ ಬರಹ ಓದಿ, ಮಡಿಸಿಟ್ಟು, ತರಗತಿಗೆ ಹೋದಳು. ಇನ್ನು ಅಳೆಯುವುದೇನೂ ಉಳಿಯಲಿಲ್ಲ. ಒಂದು ಸಲ ನೋಡಿದರೆ ಸಾಕೆನಿಸಿತ್ತು.

ಆಕೆ ನಾಡಿಗೆ ಹಿಂದಿರುಗಿ ಮೂವತ್ತೊಂದು ವರ್ಷ ಕಳೆದವು. ಆಕೆ ನಿವೃತ್ತಳಾಗುವ ದಿನವೂ ಆ ನಕ್ಷತ್ರ ಕಾಣುವ ತಿಂಗಳಲ್ಲೇ ಬಂತು. ಅಂದು ಸಂಜೆ, ಆಕೆಯ ಬಳಿಯೇ ಕಲಿತಿದ್ದ ಹೊಸ ಅಧ್ಯಾಪಕ ವಾಡಿಕೆಯಂತೆ ಕೂಗಿದ: "ಇನ್ನೂ ನೋಡದವರು ಯಾರು? ಕೈ ಎತ್ತಿ."

ಮಕ್ಕಳ ಜೊತೆ ಆಕೆಯೂ ಕೈ ಎತ್ತಿದಳು.

"ಅಮ್ಮಾ, ನಮಗೆಲ್ಲ ತೋರಿಸಿದವರು ನೀವೇ ಅಲ್ಲವೇ?"

"ತೋರಿಸಿದೆನಪ್ಪಾ. ನೋಡುವುದಕ್ಕೆ ಆಗಲಿಲ್ಲ."

ಅಧ್ಯಾಪಕನ ಮುಖ ಸಪ್ಪಗಾಯಿತು. ಎಲ್ಲರೂ ಸರಿದು ದಾರಿ ಬಿಟ್ಟರು. ಆಕೆಗೆ ಮಂಡಿ ನೋಯುತ್ತಿತ್ತು, ನಿಂತು ನಿಂತು ದಣಿದಿದ್ದಳು. ಆದರೂ ಮಕ್ಕಳ ಕಡೆ ಒಮ್ಮೆ ನೋಡಿದಳು. ಇಪ್ಪತ್ತೆರಡು ಮಂದಿ ಇದ್ದರು. ಮೆಲ್ಲಗೆ ಅವರೆಲ್ಲರ ಹಿಂದೆ ಹೋಗಿ ನಿಂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಅಂದಾದರೂ ನೋಡಿದಳೋ ಇಲ್ಲವೋ? ಎಲ್ಲರ ಹಿಂದೆ ನಿಂತವರ ದಣಿವು ತಮಗೆ ಹೇಗೆ ತಿಳಿಯಬೇಕು ಗುರುಗಳೇ!"

ಗುರುಗಳು ಹೇಳಿದರು: "ಆ ಸಾಲಿನಲ್ಲಿ ನಿನ್ನ ಹಿಂದೆ ನಿಂತಿರುವವನು ನಾನು."