ನರ್ಸಮ್ಮನ ಫೋನಿನ ಹಳದಿ

"ಬುದ್ಧಿ, ಈಗ ನನಗೆ ಏನೂ ಚುಚ್ಚುವುದಿಲ್ಲ. ಶಾಂತಿ ಅಂದರೆ ಇದೇನಾ?"

ಷಡಕ್ಷರಿ ಎಂಬ ಶಿಷ್ಯ ಒಂದು ಬೆಳಗ್ಗೆ ಗುರುಗಳನ್ನು ಹೀಗೆ ಕೇಳಿದ. ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಗುರುಗಳು ಆಗಷ್ಟೇ ಹಿಂದಿನ ಸಾಲಿನ ಕೋಣೆಗಳ ಕಡೆಯಿಂದ ಬಂದು, ನಲ್ಲಿಯ ಬಳಿ ಕೂತು ಗಂಜಿಯ ಬಟ್ಟಲೊಂದನ್ನು ತೊಳೆಯುತ್ತಿದ್ದರು. ಯಾರ ಬಟ್ಟಲೆಂದು ಷಡಕ್ಷರಿ ಕೇಳಲಿಲ್ಲ.

"ನಿನಗೆ ಹೇಗೆ ತಿಳಿಯಿತು?" ಎಂದರು ಗುರುಗಳು.

"ಮೊದಲು ಸಣ್ಣದಕ್ಕೂ ಮೈ ಉರಿಯುತ್ತಿತ್ತು. ಪಕ್ಕದ ಕೋಣೆಯ ಚಿಕ್ಕಮಾದಯ್ಯನವರು ದಿನವಿಡೀ ಗೊಣಗುತ್ತಾರಲ್ಲ, ನೀರು ತಣ್ಣಗಿದೆ, ಸಾರಿಗೆ ಉಪ್ಪಿಲ್ಲ, ಸೊಂಟ ಹಿಡಿದಿದೆ ಅಂತ. ಅದನ್ನು ಕೇಳಿ ಕೇಳಿ ಪೂಜೆಗೆ ಕೂತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಮನಸ್ಸನ್ನು ಒಳಗೆ ತಿರುಗಿಸು ಎಂದು ನೀವೇ ಹೇಳಿದಿರಿ. ತಿರುಗಿಸಿದೆ. ಈಗ ಅವರ ಗೊಣಗಾಟ ನನ್ನ ಕಿವಿಗೆ ಬೀಳುವುದೇ ಇಲ್ಲ."

ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು. ಗುರುಗಳು ಬಟ್ಟಲನ್ನು ಬೋರಲು ಹಾಕಿದರು. ಕೈ ಒರೆಸಿಕೊಂಡು ಜಗಲಿಯ ಮೇಲೆ ಬಂದು ಕೂತರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ನರ್ಸಮ್ಮ ಇದ್ದಳು. ದೊಡ್ಡ ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಳಾಗಿ, ತನ್ನ ಊರಿಗೆ ಬಂದು ಕೂತವಳು. ಕೂತಳು ಅನ್ನುವುದು ಮಾತಿಗೆ. ಸುತ್ತಿನ ಹಳ್ಳಿಗಳ ಬಾಣಂತಿಯರು ಅವಳನ್ನು ಕೂರಲು ಬಿಡಲಿಲ್ಲ. ಕೂಸು ಹುಟ್ಟಿದ ಮನೆಗೆ ಅವಳು ಹೋಗಬೇಕು, ಕೂಸನ್ನು ನೋಡಬೇಕು, 'ಚೆನ್ನಾಗದೆ' ಅನ್ನಬೇಕು. ಆಮೇಲೆಯೇ ಆ ಮನೆಯವರಿಗೆ ಊಟ ಸೇರುತ್ತಿದ್ದುದು.

ಅವಳು ನೋಡುವ ರೀತಿ ಹೀಗಿತ್ತು. ಕೂಸನ್ನು ಬಾಗಿಲ ಬೆಳಕಿಗೆ ಎತ್ತಿಕೊಂಡು ಬರುವಳು. ಹಣೆಯನ್ನು, ಆಮೇಲೆ ಎದೆಯನ್ನು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುವಳು. ಒತ್ತಿದ ಜಾಗ ಬೆಳ್ಳಗಾದರೆ ಸರಿ. ಹಳದಿಯಾಗಿ ಕಂಡರೆ ಕಾಮಾಲೆ. ಎಳೆಗೂಸುಗಳಿಗೆ ಕಾಮಾಲೆ ಬರುವುದು ಹೊಸದೇನಲ್ಲ. ಹೆಚ್ಚಿನವಕ್ಕೆ ತಾನಾಗಿಯೇ ಇಳಿಯುತ್ತದೆ. ಇಳಿಯದೆ ಏರಿದರೆ ಮಿದುಳಿಗೆ ಹತ್ತುತ್ತದೆ. ಯಾವ ಹಳದಿ ಮನೆಯಲ್ಲಿರಬಹುದು, ಯಾವ ಹಳದಿ ಕೂಡಲೇ ಆಸ್ಪತ್ರೆ ಸೇರಬೇಕು ಎನ್ನುವುದು ಅವಳ ಕಣ್ಣಿಗೆ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಆ ಕಣ್ಣು ಒಮ್ಮೆಯೂ ತಪ್ಪಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡು, ಸಂಪಾದಿಸಿದ ಜಂಬ ಅದು.

ವಯಸ್ಸಾಯಿತು, ಮೊಣಕಾಲು ಹಿಡಿಯಿತು. ಅಷ್ಟರಲ್ಲಿ ಎಲ್ಲರ ಕೈಗೂ ಸ್ಮಾರ್ಟ್‌ಫೋನು ಬಂದಿತ್ತು. ಜನ ಕೂಸಿನ ಫೋಟೋ ತೆಗೆದು ಕಳಿಸತೊಡಗಿದರು. ಅವಳು ಕೂತಲ್ಲೇ ನೋಡಿ ಹೇಳತೊಡಗಿದಳು. ಫೋಟೋದಲ್ಲಿ ಅನುಮಾನ ಕಂಡರೆ ಮಾತ್ರ ಆಟೋ ಮಾಡಿಕೊಂಡು ಹೋಗಿ, ಹೆಬ್ಬೆರಳು ಒತ್ತಿ ನೋಡುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಫೋನಿನ ಬೆಳಕು ಅವಳ ಕಣ್ಣಿಗೆ ಚುಚ್ಚತೊಡಗಿತು. ಫೋನು ಹಿಡಿದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಪೇಟೆಯ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯವನು ಮೊದಲು ಬ್ರೈಟ್‌ನೆಸ್ ತಗ್ಗಿಸಿದ. ಸಾಲದು ಎಂದಳು. ಡಾರ್ಕ್ ಮೋಡ್ ಹಾಕಿದ. ಬೆಳ್ಳಗಿದ್ದ ಪರದೆಯೆಲ್ಲ ಕಪ್ಪಾಗಿ, ಕಪ್ಪಕ್ಷರಗಳು ಬೆಳ್ಳಗಾದವು. ಓದಲು ಹಾಯೆನಿಸಿತು, ಆದರೆ ಫೋಟೋ ತೆರೆದರೆ ಮತ್ತೆ ಅದೇ ಉರಿ. ಕೊನೆಗೆ ಅವನು ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದನ್ನು ಹುಡುಕಿ ಒತ್ತಿದ. ಪರದೆಯ ಮೇಲೆ ತೆಳ್ಳಗೆ ಅರಿಶಿನದ ನೀರು ಹೊಯ್ದ ಹಾಗಾಯಿತು. ಎಷ್ಟೋ ತಿಂಗಳ ಮೇಲೆ ಅವಳು ಕಣ್ಣು ಕಿರಿದು ಮಾಡದೆ ಫೋನು ನೋಡಿದಳು.

"ಇದೇ ಇರ್ಲಿ ಕಣಪ್ಪ," ಎಂದಳು.

"ಬಣ್ಣ ನೋಡೋವಾಗ ಮಾತ್ರ ಇದನ್ನ ತೆಗೆದು ನೋಡಿ ನರ್ಸಮ್ಮ. ಸೀರೆ ಗೀರೆ ತರಿಸೋರು ಮೋಸ ಹೋಗ್ತಾರೆ."

"ಈ ವಯಸ್ಸಲ್ಲಿ ನಂಗ್ಯಾವ ಸೀರೆ, ಬಿಡು."

ಅವನು ಪರದೆಯ ಮೇಲ್ತುದಿಯಿಂದ ಬೆರಳು ಎಳೆದು, ಒಂದು ಗುರುತು ತೋರಿಸಿದ. ಮುಟ್ಟಿದರೆ ಹಳದಿ ಹೋಗುತ್ತದೆ, ಮತ್ತೆ ಮುಟ್ಟಿದರೆ ಬರುತ್ತದೆ. ಅಷ್ಟೇ ಕೆಲಸ.

ಮೊದಮೊದಲು ಅವಳು ಹಾಗೆಯೇ ಮಾಡಿದಳು. ಕೂಸಿನ ಫೋಟೋ ಬಂದರೆ ಹಳದಿ ತೆಗೆಯುವಳು, ನೋಡುವಳು, ಮತ್ತೆ ಹಾಕುವಳು. ಆದರೆ ತೆಗೆದ ಕೂಡಲೇ ಬೆಳಕು ಕಣ್ಣಿಗೆ ಬಡಿಯುತ್ತಿತ್ತು. ಮೊದಲಿಗಿಂತ ಹೆಚ್ಚೇ ಬಡಿಯುತ್ತಿತ್ತು, ಏಕೆಂದರೆ ಅದು ಈಗ ಆರಾಮ ಕಂಡ ಕಣ್ಣು. ಒಂದು ದಿನ ತೆಗೆಯುವುದನ್ನು ಬಿಟ್ಟಳು. ಬಿಟ್ಟೆನೆಂದು ಅವಳಿಗೆ ಅನಿಸಲೂ ಇಲ್ಲ, ಮರೆತೇ ಹೋಯಿತು.

ಆ ವಾರವೇ ಒಂದು ಕೂಸಿನ ಫೋಟೋ ಬಂತು. ನೋಡಿದರೆ ಮೈಯೆಲ್ಲ ಹಳದಿ. ತಾನು ಹೋಗಿ ನೋಡುವಷ್ಟೂ ತಡಮಾಡದೆ, ಈಗಿಂದೀಗಲೇ ಆಸ್ಪತ್ರೆಗೆ ಹೊರಡಿ ಎಂದು ಹೇಳಿದಳು. ಮನೆಯವರು ಹಸಿ ಬಾಣಂತಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಬಸ್ಸು ಹತ್ತಿಸಿಕೊಂಡು ಓಡಿದರು. ಡಾಕ್ಟರು ನೋಡಿ, ಕೂಸಿಗೆ ಏನೂ ಆಗಿಲ್ಲ, ಯಾರು ಹೆದರಿಸಿದ್ದು ಎಂದು ಕೇಳಿದರು. ಸಂಜೆ ಆ ಕೂಸಿನ ಅಜ್ಜಿ ನರ್ಸಮ್ಮನ ಬಾಗಿಲಿಗೇ ಬಂದಳು. "ನಿಂಗೂ ಕಣ್ಣು ಮಂಜಾಯ್ತೇನೋ ಕಣವ್ವ," ಎಂದು ನಾಲ್ಕು ಜನರ ಮುಂದೆ ಅಂದು ಹೋದಳು. ನರ್ಸಮ್ಮನ ಮುಖ ಸಣ್ಣದಾಯಿತು. ಒಳಗೆ ಹೋಗಿ ಫೋನು ತೆಗೆದು ನೋಡಿದಾಗ ತಿಳಿಯಿತು. ಅದು ಕೂಸಿನ ಹಳದಿಯಲ್ಲ, ಫೋನಿನ ಹಳದಿ.

ಆಗ ಅವಳು ಆ ಸೆಟ್ಟಿಂಗ್ ತೆಗೆದುಬಿಡಬಹುದಿತ್ತು. ತೆಗೆಯಲಿಲ್ಲ. ಕಣ್ಣಿಗೆ ಅಷ್ಟು ಹಿತವಾದದ್ದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಬದಲಿಗೆ ಒಂದು ಉಪಾಯ ಕಂಡುಕೊಂಡಳು. 'ನನ್ನ ಫೋನಿನಲ್ಲಿ ಎಲ್ಲ ಕೂಸೂ ಹಳದಿಯೇ. ಫೋನಿನ ಪಾಲನ್ನು ಮನಸ್ಸಿನಲ್ಲೇ ಕಳೆದು ನೋಡಿದರಾಯಿತು.' ಹಾಗೇ ಮಾಡತೊಡಗಿದಳು. ನಾಲ್ಕೈದು ತಿಂಗಳು ಎಲ್ಲವೂ ಸರಿಹೋಯಿತು. ಅವೆಲ್ಲ ಆರೋಗ್ಯವಾಗಿದ್ದ ಕೂಸುಗಳು. ಯಾರು ನೋಡಿದ್ದರೂ, ಯಾರೂ ನೋಡದಿದ್ದರೂ ಸರಿಹೋಗುತ್ತಿದ್ದವು.

ಆಮೇಲೆ ಒಂದು ಬೆಳಗ್ಗೆ ಒಬ್ಬ ಚೊಚ್ಚಲ ಬಾಣಂತಿಯಿಂದ ಫೋಟೋ ಬಂತು. ಆ ಹೆಣ್ಣುಮಗಳು ಹುಟ್ಟಿದ್ದೂ ಇದೇ ನರ್ಸಮ್ಮನ ಕೈಯಲ್ಲಿ. ಕೂಸಿಗೆ ನಾಲ್ಕು ದಿನ. ಫೋಟೋದ ಜೊತೆ ಅವಳ ದನಿಯೂ ಬಂದಿತ್ತು.

"ನರ್ಸಮ್ಮ, ಕೂಸು ಯಾಕೋ ಒಂಥರಾ ಅದೆ. ಹಾಲು ಸರ್ಯಾಗಿ ಕುಡೀತಾ ಇಲ್ಲ, ಬರೀ ನಿದ್ದೆ. ವಸಿ ನೋಡಿ ಹೇಳಿ."

ನರ್ಸಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಫೋಟೋ ತೆರೆದಳು. ಹಳದಿ. ಫೋನಿನ ಪಾಲನ್ನು ಕಳೆದಳು. ಕಳೆದ ಮೇಲೂ ಏನೋ ಉಳಿದ ಹಾಗಿತ್ತು. ಬೆರಳು ಪರದೆಯ ಮೇಲ್ತುದಿಗೆ ಹೋಯಿತು. ಆ ಬೆಳಕನ್ನು ನೆನೆದೇ ಅವಳ ಕಣ್ಣಲ್ಲಿ ನೀರಾಡಿತು. ಬಾಗಿಲಿಗೆ ಬಂದು ಅಂದುಹೋದ ಅಜ್ಜಿಯ ಮಾತೂ ನೆನಪಾಯಿತು. ಇನ್ನೊಂದು ಸಲ ಹಾಗೆ ಅನ್ನಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಬೆರಳು ಹಿಂದಕ್ಕೆ ಬಂತು.

"ಚೆನ್ನಾಗದೆ ಕಣವ್ವ. ಎಬ್ಬಿಸಿ ಎಬ್ಬಿಸಿ ಹಾಲು ಕೊಡು," ಎಂದು ಹೇಳಿ ಕಳಿಸಿದಳು. ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು.

ಆ ಮನೆಯವರಿಗೆ ಅಂದು ಊಟ ಸೇರಿತು.

ಮರುದಿನ ಇನ್ನೊಂದು ಫೋಟೋ ಬಂತು. ಅದಕ್ಕೂ ಅದೇ ಉತ್ತರ ಹೋಯಿತು. ಮೂರನೆಯ ದಿನ ಬೆಳಗ್ಗೆ ಕೂಸು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ, ಕೀಚಲು ದನಿಯಲ್ಲಿ ಅಳತೊಡಗಿತು. ಮನೆಯವರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಸುದ್ದಿ ತಿಳಿದು ನರ್ಸಮ್ಮನೂ ಆಟೋ ಹಿಡಿದು ಹಿಂದೆಯೇ ಹೋದಳು. ಅವಳು ಹೋಗುವ ಹೊತ್ತಿಗೆ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಕಾಮಾಲೆ ಇಳಿಸುವ ನೀಲಿ ದೀಪಗಳ ಕೆಳಗೆ ಮಲಗಿಸಿದ್ದರು.

"ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೇನಮ್ಮ?" ಎಂದು ಡಾಕ್ಟರು ಕೇಳುತ್ತಿದ್ದರು.

"ನಮ್ಮ ನರ್ಸಮ್ಮ ನೋಡವ್ರೆ ಸಾರ್. ಎರಡು ದಿನವೂ ನೋಡವ್ರೆ. ಚೆನ್ನಾಗದೆ ಅಂದವ್ರೆ."

ತಾಯಿ ದೂರು ಹೇಳುತ್ತಿರಲಿಲ್ಲ. ನರ್ಸಮ್ಮ ಹಾಗಂದಿದ್ದಾರೆ, ಆದ್ದರಿಂದ ಕೂಸಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯದಲ್ಲೇ ಹೇಳಿದಳು. ತನ್ನ ಫೋನು ತೆಗೆದು ಕಳಿಸಿದ್ದ ಫೋಟೋವನ್ನೂ ತೋರಿಸಿದಳು. ನರ್ಸಮ್ಮ ಡಾಕ್ಟರ ಹೆಗಲ ಹಿಂದಿನಿಂದ ಅದನ್ನು ನೋಡಿದಳು. ಹಾಸಿದ್ದ ಪಂಚೆ ಬೆಳ್ಳಗಿತ್ತು, ಕೂಸು ಅರಿಶಿನ ಬಳಿದ ಹಾಗಿತ್ತು. ಕುರುಡರಲ್ಲದ ಯಾರಿಗಾದರೂ ಕಾಣುವಂತಿತ್ತು. ಅವಳ ಫೋನಿನಲ್ಲಿ ಪಂಚೆಯೂ ಹಳದಿ, ಕೂಸೂ ಹಳದಿ. ಎರಡೂ ಒಂದೇ ಆಗಿ ಕಂಡಿದ್ದವು.

ಕೂಸು ಉಳಿಯಿತು. ಉಳಿಯಿತು ಅಂದರೆ ಉಸಿರು ಉಳಿಯಿತು. ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ. ಕರೆದರೆ ತಿರುಗಲಿಲ್ಲ. ಕಿವಿಯ ಹತ್ತಿರ ತಟ್ಟೆ ಬಡಿದರೂ ತಿರುಗಲಿಲ್ಲ.

ನರ್ಸಮ್ಮ ಫೋನಿನ ಹಳದಿ ತೆಗೆಸಿದಳು. ಕಪ್ಪನ್ನೂ ತೆಗೆಸಿದಳು. ಈಗ ಅವಳ ಫೋನು ಎಷ್ಟು ಬೆಳಗಬಹುದೋ ಅಷ್ಟು ಬೆಳಗುತ್ತದೆ. ಅದರ ಎದುರು ಕಣ್ಣಿಂದ ನೀರು ಸುರಿಸಿಕೊಂಡು ಕೂರುತ್ತಾಳೆ. ಊರವರು ಫೋಟೋ ಕಳಿಸುವುದನ್ನು ನಿಲ್ಲಿಸಿದ್ದಾರೆ. ಆ ತಾಯಿ ಮಾತ್ರ ತೋರಿಸುವುದನ್ನು ನಿಲ್ಲಿಸಿಲ್ಲ. ವಾರಕ್ಕೊಮ್ಮೆ ಕೂಸನ್ನು ಸೊಂಟದ ಮೇಲೆ ಹೊತ್ತು ತಾನೇ ಬರುತ್ತಾಳೆ.

"ನರ್ಸಮ್ಮ, ನೆನ್ನೆ ನನ್ನ ದನಿಗೆ ತಿರುಗಿದ ಹಂಗಾಯ್ತು. ವಸಿ ನೋಡಿ ಹೇಳಿ."

ನರ್ಸಮ್ಮ ಕೂಸನ್ನು ಬಾಗಿಲ ಬೆಳಕಿಗೆ ಎತ್ತಿಕೊಂಡು ಹೋಗುತ್ತಾಳೆ. ಕೂಗುತ್ತಾಳೆ, ಚಪ್ಪಾಳೆ ತಟ್ಟುತ್ತಾಳೆ. ಅದು ಎಲ್ಲೋ ನೋಡುತ್ತಿರುತ್ತದೆ. ಫೋನಿನ ಸಂಗತಿಯನ್ನು ಆ ತಾಯಿಗೆ ಹೇಳಿಬಿಡಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತಾಳೆ. ಇನ್ನೂ ಹೇಳಲು ಆಗಿಲ್ಲ. ಆ ತಾಯಿ ಒಂದು ದಿನವೂ ಅವಳನ್ನು ಬೈದಿಲ್ಲ. ಬೈದಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಬೆರಳು ಅಲ್ಲಿಯವರೆಗೂ ಹೋಗಿತ್ತಲ್ಲ, ಬುದ್ಧಿ," ಎಂದ ಷಡಕ್ಷರಿ. "ಒಂದು ಸಲ ಮುಟ್ಟಿ, ಆ ಹಳದಿ ತೆಗೆದು ನೋಡಿದ್ದರೆ ಸಾಕಿತ್ತು."

ಗುರುಗಳು ಎದ್ದು ಹೋಗಿ, ಬೋರಲು ಹಾಕಿದ್ದ ಬಟ್ಟಲನ್ನು ತಂದು ಅವನ ಕೈಗೆ ಕೊಟ್ಟರು.

"ಇದು ಚಿಕ್ಕಮಾದಯ್ಯನ ಬಟ್ಟಲು. ಅವನು ಹಾಸಿಗೆ ಹಿಡಿದು, ಗೊಣಗಾಟ ನಿಂತು ನಾಲ್ಕು ದಿನವಾಯಿತು."