ಪಂಡಿತರ ಆರದ ಒಲೆ

ಹೇಳಿ ನೋಡೋಣ. ಏಳು ರಾಜ್ಯಗಳ ರಾಯಭಾರಿಗಳು ವರ್ಷಗಟ್ಟಲೆ ಕೂತು ಮಾಡಲಾಗದ ಕೆಲಸವನ್ನು ಆಸ್ಥಾನದ ಒಬ್ಬ ಹರಟೆಮಲ್ಲ ಒಂದು ಬೆಳಗಿನಲ್ಲಿ ಮಾಡಿಸಿದ. ಹೇಗೆ? ಸೈನ್ಯ ತಂದನೇ? ಇಲ್ಲ. ಲಂಚ ಕೊಟ್ಟನೇ? ಅವನ ಸೊಂಟದ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣ ಬಿಟ್ಟರೆ ಇನ್ನೇನೂ ಇರಲಿಲ್ಲ. ನೀವು ಯೋಚಿಸುತ್ತಿರಿ, ಕತೆ ಮುಂದೆ ಹೋಗಲಿ.

ಹೊಳೆ ಕಡಲು ಸೇರುವಲ್ಲಿ ಬೆಳ್ಳಾಗರ ಎಂಬ ಊರು. ಊರೆಂದರೆ ಉಪ್ಪು ಬೆಳೆಯುವ ಆಗರಗಳು, ಅವುಗಳ ಅಂಚಿಗೆ ಒಂದಷ್ಟು ಮನೆಗಳು. ಅದು ತನ್ನದೆಂದು ಹೊನ್ನಗದ್ದೆಯ ಅರಸ ಸೋಮರಸ, ಅಲ್ಲ ತನ್ನದೆಂದು ಕರಿಕಲ್ಲಿನ ದೊರೆ. ಯಾರದೆಂದು ತೀರ್ಮಾನವಾಗುವ ತನಕ ಪಾಪ, ಇಬ್ಬರೂ ತೆರಿಗೆ ಎತ್ತುತ್ತಿದ್ದರು.

ಈ ಜಗಳ ನೋಡಲಾರದೆ ಸುತ್ತಲಿನ ಏಳು ರಾಜ್ಯದವರು ಸಭೆ ಸೇರಿ, ಊರವರನ್ನೇ ಕೇಳಿಬಿಡೋಣ ಎಂದರು. ಮೂರು ಗಡಿಗೆ ಇಡುವುದು. ಕೆಂಪು ಸೋಮರಸನಿಗೆ, ಕಪ್ಪು ಕರಿಕಲ್ಲಿನವನಿಗೆ, ಬಿಳಿಯದು ಇಬ್ಬರೂ ಬೇಡ, ನಮ್ಮೂರು ನಮಗಿರಲಿ ಎನ್ನುವವರಿಗೆ. ಬಿಳಿಗೆ ಯಾವ ಹುಚ್ಚ ಹಾಕುತ್ತಾನೆ ಎಂದು ಇಬ್ಬರು ದೊರೆಗಳೂ ನಕ್ಕು ಒಪ್ಪಿದರು. ಮೇಲ್ವಿಚಾರಣೆಗೆ ತ್ರಿಲೋಚನ ಪಂಡಿತರ ಮುಂದಾಳುತನದಲ್ಲಿ ರಾಯಭಾರಿಗಳು ಬಂದಿಳಿದರು.

ಬಂದವರು ಅಲ್ಲೇ ತಳವೂರಿಬಿಟ್ಟರು. ಗಡಿಗೆಗೆ ಏನು ಹಾಕಬೇಕೆಂಬುದೇ ಮೊದಲ ಚರ್ಚೆ. ಉಪ್ಪಿನ ಹರಳೆಂದು ಗೊತ್ತುಮಾಡಿದರು. ಆಷಾಢದ ತೇವಕ್ಕೆ ಪ್ರಯೋಗದ ಹರಳೆಲ್ಲ ಕರಗಿ ನೀರಾಯಿತು. ಕಡೆಗೆ ಚಿಪ್ಪು ಎಂದಾಯಿತು. ಆಮೇಲೆ, ಬೆಳ್ಳಾಗರದವರು ಅಂದರೆ ಯಾರು? ಈ ಒಂದು ವಾಕ್ಯಕ್ಕೆ ನಾಲ್ಕು ವರ್ಷ ತಗುಲಿತು. ಅದರ ಮೇಲೆ ಎಷ್ಟು ಅಭಿಮಾನವೆಂದರೆ ಕಲ್ಲಿನಲ್ಲೇ ಕೆತ್ತಿಸಿ ನಿಲ್ಲಿಸಿದರು: ‘ಹತ್ತು ಮಳೆಗಾಲ ಆರದೆ ಒಲೆ ಉರಿದ ಮನೆಯವರೇ ಬೆಳ್ಳಾಗರದವರು.’

ಅಷ್ಟರಲ್ಲಿ ಸೋಮರಸ ತನ್ನ ಮಾವುತರ ಪೈಕಿಯವರನ್ನು ತಂದು ಅಲ್ಲಿ ಕೂರಿಸಿದ್ದ. ಕರಿಕಲ್ಲಿನವನು ಹೆಂಡತಿಯ ತವರನ್ನೇ ಸಾಗಿಸಿದ್ದ. ಯಾರ ಒಲೆ ಹೊಸದು, ಯಾರದು ಹಳೆಯದು ಎಂಬ ವಿಚಾರಣೆ ಶುರುವಾಯಿತು, ಮುಗಿಯಲಿಲ್ಲ. ಮುಗಿಯುವುದಾದರೂ ಯಾಕೆ? ನ್ಯಾಯ ಹೇಳಲು ಬಂದವರಿಗೆ ಊರವರೇ ಊಟ ಹಾಕಬೇಕೆಂಬುದು ಅಲ್ಲಿನ ಪದ್ಧತಿ. ದಿನಾ ಕಾಣೆ ಮೀನು, ವಾರಕ್ಕೊಮ್ಮೆ ಪಾಯಸ.

ಒಂದು ದಿನ ಊಟ ಮುಗಿಸಿ ಸೋಮರಸ ಆಸ್ಥಾನದಲ್ಲಿ ಮೀಸೆ ತಿರುವಿದ. ಬೆಳ್ಳಾಗರದವರು ತನಗಾಗಿ ಪ್ರಾಣ ಬಿಡುತ್ತಾರೆ, ಈ ಪಂಡಿತರು ಎಲೆಯಿಂದ ಏಳಲಿ, ತಾನೇ ಗೆಲ್ಲುತ್ತೇನೆ ಎಂದ. ಬಳಿಕ ಹರಟೆಮಲ್ಲ ಗೋಯ್ದಪ್ಪನ ಕಡೆ ತಿರುಗಿದ.

“ಏನಯ್ಯಾ, ಬಾಯಿ ಬಿಟ್ಟರೆ ಬುದ್ಧಿ ಉದುರಿಸುತ್ತೀಯಲ್ಲ, ಮಳೆ ಬರುವುದರೊಳಗೆ ಅವರನ್ನು ಎಬ್ಬಿಸು ನೋಡೋಣ. ಎಬ್ಬಿಸಿದರೆ ಕೇಳಿದ್ದು ಕೊಡುತ್ತೇನೆ. ಇಲ್ಲದಿದ್ದರೆ ಈ ಚಾವಡಿ ಮೆಟ್ಟಿಲು ಹತ್ತಬೇಡ.”

ಗೋಯ್ದಪ್ಪ ಕೈಮುಗಿದ. ಅವನ ಅಕ್ಕ ತುಳಸಕ್ಕನನ್ನು ಕೊಟ್ಟಿದ್ದು ಬೆಳ್ಳಾಗರಕ್ಕೇ. ಅರಸನಿಗೆ ಅದು ಮರೆತುಹೋಗಿತ್ತು.

ಹೋಗಿ ನೋಡಿದರೆ ಅಕ್ಕನ ಆಗರದ ಉಪ್ಪಿನಲ್ಲಿ ಅರ್ಧ ಅತ್ತ, ಅರ್ಧ ಇತ್ತ ಹೋಗಿತ್ತು. ನೆಲದ ಮೇಲೆ ಗುಡಿಸಿ ತೆಗೆದದ್ದು ಮಾತ್ರ ಅವಳದ್ದು. ಈ ವರ್ಷವೂ ಹೀಗಾದರೆ ಆಗರ ಬಿಟ್ಟು ಎಲ್ಲಾದರೂ ಹೋಗುತ್ತೇವೆ ಮಾರಾಯಾ ಎಂದಳು. ತಮ್ಮನಿಗೆ ಗಂಜಿ ಬಡಿಸಿ, “ನಿನ್ನ ದೊರೆಗೆ ಹೇಳು, ಬೆಂಕಿಯೊಂದು ಬಾಕಿಯಿದೆ, ಒಲೆಯಿಂದ ಅದನ್ನೂ ಒಯ್ಯಲಿ,” ಎಂದಳು.

ಒಲೆ ಎಂದದ್ದೇ ತಡ, ಗೋಯ್ದಪ್ಪ ಗಂಜಿ ಅರ್ಧಕ್ಕೇ ಬಿಟ್ಟು ಎದ್ದ. ನೆಟ್ಟಗೆ ಪಂಡಿತರ ಬಿಡಾರಕ್ಕೆ ಹೋಗಿ ಪಾಯಸವನ್ನು ಹೊಗಳಿದ, ಸಾರನ್ನು ಹೊಗಳಿದ, ಇಂಥ ರುಚಿ ಬರಬೇಕಾದರೆ ಒಲೆಯಲ್ಲೇ ಏನೋ ಗುಣವಿರಬೇಕು ಎಂದ. ಪಂಡಿತರು ಉಬ್ಬಿದರು.

“ಬಂದ ದಿನ ಹಚ್ಚಿದ್ದು, ಗೋಯ್ದಪ್ಪನವರೇ. ಹನ್ನೊಂದು ಮಳೆಗಾಲ ಕಳೆಯಿತು, ಒಂದು ಹೊತ್ತೂ ಆರಿಲ್ಲ.”

ಗೋಯ್ದಪ್ಪ ಅದನ್ನು ಇನ್ನೊಮ್ಮೆ ಹೇಳಿಸಿದ, ಪಕ್ಕದಲ್ಲಿದ್ದ ಊರ ಹಿರಿಯರಿಗೂ ಕೇಳುವ ಹಾಗೆ.

ಮಾರನೆಯ ಬೆಳಗ್ಗೆ ಬಿಡಾರದ ಬಾಗಿಲಲ್ಲಿ ವಾಲಗ. ಹಿರಿಯರು ಹಾರ ಹಾಕಿ, ಇನ್ನು ನೀವು ನಮ್ಮವರೇ ಎಂದರು. ಪಂಡಿತರು ಹಾರಕ್ಕೆ ಕೊರಳು ಬಗ್ಗಿಸುವಷ್ಟರಲ್ಲಿ ಹೊನ್ನಗದ್ದೆಯ ತೆರಿಗೆಯವನು ಒಳಗೆ ಹೋಗಿ ಅರ್ಧ ಅಕ್ಕಿ ಅಳೆದುಕೊಂಡ, ಉಳಿದರ್ಧ ಕರಿಕಲ್ಲಿನವನು. ಊರವರಿಗೆ ಊರವರು ಊಟ ಹಾಕುವ ಪದ್ಧತಿ ಇಲ್ಲವಾದ್ದರಿಂದ ಮೀನು ಬರಲಿಲ್ಲ. ಮನೆಗೊಬ್ಬರು ಆಗರಕ್ಕಿಳಿಯಬೇಕಲ್ಲ, ಆದ್ದರಿಂದ ತುಳಸಕ್ಕ ಉಪ್ಪು ಎಳೆಯುವ ಹಲಗೆಯನ್ನು ಪಂಡಿತರ ಕೈಗೇ ಕೊಟ್ಟಳು.

ತಾವು ರಾಯಭಾರಿಗಳೆಂದು ಪಂಡಿತರು ಕೂಗಾಡಿದರು. ಗೋಯ್ದಪ್ಪ ಕಲ್ಲಿನ ಕಡೆ ಕೈ ತೋರಿಸಿದ. ಕಲ್ಲು ಸುಳ್ಳೆಂದರೆ ನಾಲ್ಕು ವರ್ಷದ ಕೆಲಸ ನೀರುಪಾಲು, ಏಳು ರಾಜ್ಯಗಳಿಗೆ ಉತ್ತರ ಹೇಳಬೇಕು. ಪಂಡಿತರು ಆಗರಕ್ಕಿಳಿದರು. ಮಧ್ಯಾಹ್ನದ ಹೊತ್ತಿಗೆ ಅಂಗಾಲು ಬಿರಿದು, ಉಪ್ಪುನೀರು ಒಳಗೆ ಇಳಿದು, ಕುಂಟುತ್ತಾ ಮೇಲೆ ಬಂದರು.

“ಇದರಿಂದ ಬಿಡುಗಡೆ ಹೇಗಯ್ಯಾ?”

“ಜನಮತ ಆಗುವ ತನಕ ಊರವರಿಗೆ ಬಿಡುಗಡೆ ಇಲ್ಲ ಸ್ವಾಮಿ. ಅದಕ್ಕಿನ್ನೂ ಎರಡು ವರ್ಷ ಬೇಕು ಅಂದಿದ್ದಿರಲ್ಲ?”

“ಎರಡು ವರ್ಷ ಯಾಕಯ್ಯಾ? ನಾಳೆ ಬೆಳಗ್ಗೆ.”

ಯಾವ ಒಲೆ ಹೊಸದು, ಯಾವುದು ಹಳೆಯದು ಎಂಬುದು ಅವತ್ತು ಸಂಜೆಯೊಳಗೆ ಇತ್ಯರ್ಥವಾಯಿತು. ಮಾವುತರೂ ತವರಿನವರೂ ಗಂಟು ಕಟ್ಟಿದರು. ಬೆಳಗ್ಗೆ ಗಡಿಗೆ ತೆರೆದರೆ ಕೆಂಪು ಖಾಲಿ, ಕಪ್ಪು ಖಾಲಿ, ಬಿಳಿ ಗಡಿಗೆಯಲ್ಲಿ ಚಿಪ್ಪು ತುಂಬಿ ಹೊರಗೆ ಚೆಲ್ಲಿತ್ತು.

ಸೋಮರಸ ಕೆಂಡವಾದ. ಗೋಯ್ದಪ್ಪ ಮೆಲ್ಲಗೆ, ಎಬ್ಬಿಸು ಎಂದಿರಿ ಪ್ರಭು, ಎಬ್ಬಿಸಿದೆ, ಬಹುಮಾನವಾಗಿ ಬೆಳ್ಳಾಗರದ ತೆರಿಗೆಯವನನ್ನು ವಾಪಸು ಕರೆಸಿಕೊಳ್ಳಿ, ಸಾಕು ಎಂದ. ಅರಸನಿಗೆ ತೆರಿಗೆಗಿಂತ ದೊಡ್ಡ ಸಂಕಟ ಬೇರೆಯಿತ್ತು.

“ಊರವರು ಹೋಗಲಿ. ಆ ಪಂಡಿತರೂ ಮತ ಹಾಕಿದರಲ್ಲ? ನನ್ನ ಅರಮನೆಯಲ್ಲಿ ಎಷ್ಟು ಸಲ ಉಂಡಿದ್ದಾರೆ. ಅವರದೊಂದು ಚಿಪ್ಪಾದರೂ ನನಗೆ ಬೀಳಲಿಲ್ಲವೇ?”

“ಹೇಗೆ ಬಿದ್ದೀತು ಪ್ರಭು? ಒಂದೇ ಒಂದು ದಿನ ತಮ್ಮ ಪ್ರಜೆಯಾಗಿದ್ದರು. ಬಿಳಿ ಗಡಿಗೆಗೆ ಮೊದಲು ಓಡಿ ಬಂದವರೇ ಅವರು.”

ಸೋಮರಸ ಹೊಟ್ಟೆ ಹಿಡಿದುಕೊಂಡು ನಕ್ಕ, ನಗುತ್ತಲೇ ತೆರಿಗೆಯವನನ್ನು ಕರೆಸಿಕೊಂಡ. ಇವನೇ ಹಿಂದೆಗೆದ ಮೇಲೆ ತನಗೇಕೆ ಕೆಟ್ಟ ಹೆಸರೆಂದು ಕರಿಕಲ್ಲಿನವನೂ ತನ್ನವನನ್ನು ಕರೆಸಿಕೊಂಡ. ತುಳಸಕ್ಕನ ಆಗರದ ಉಪ್ಪು ಪೂರಾ ತುಳಸಕ್ಕನ ಮನೆಗೇ ಹೋದದ್ದು ವೈಶಾಖ ಬಹುಳ ಪಂಚಮಿ, ಶನಿವಾರ.