ಹೊನ್ನಿಯ ಹೊರೆಗಲ್ಲು

ಕಾಲು ತೊಳೆದೆಯಾ? ಸರಿ, ನೆಟ್ಟಗೆ ಮಲಗು. ಕತೆ ಕೇಳುವಾಗ ಹೊರಳಾಡಬಾರದು.

ಒಂದಾನೊಂದು ಕಾಲದಲ್ಲಿ, ಘಟ್ಟಕ್ಕೆ ಗಾಡಿದಾರಿ ಇನ್ನೂ ಆಗಿರದ ಕಾಲದಲ್ಲಿ, ಸಮುದ್ರದ ದಂಡೆಯಲ್ಲಿ ಒಬ್ಬ ಅವ್ವ ಇದ್ದಳಂತೆ. ಅವಳಿಗೆ ಬೊಮ್ಮ, ಈರ, ಸಣ್ಣು ಅಂತ ಮೂವರು ಗಂಡುಮಕ್ಕಳು, ಹೊನ್ನಿ ಅಂತ ಒಬ್ಬಳೇ ಮಗಳು. ಹೊನ್ನಿಯ ಗಂಡ ದೋಣಿ ಮಗುಚಿ ತೀರಿಹೋಗಿದ್ದ, ಅವಳು ತುಂಬು ಬಸುರಿ, ತವರಿಗೆ ಬಂದಿದ್ದಳಂತೆ. ಗಂಡುಮಕ್ಕಳು ಉಪ್ಪು ಹೊತ್ತು, ಹಗಲೆಲ್ಲ ಕಾಲುದಾರಿ ಹತ್ತಿ, ಘಟ್ಟದ ಮೇಲಿನ ಸಂತೆಗೆ ಹೋಗುವವರು. ಉಣ್ಣುವ ಬಾಯಿ ಎರಡಾಗುತ್ತಿದೆ, ಹೊರುವ ತಲೆ ಒಂದಾದರೂ ಇರಲಿ, ಅಂದನಂತೆ ಬೊಮ್ಮ. ಅವ್ವ ಬೇಡವೆಂದರೂ ಕೇಳದೆ ಹೊನ್ನಿಯ ತಲೆಗೂ ಒಂದು ಉಪ್ಪಿನ ಹೊರೆ ಹೊರಿಸಿದರಂತೆ.

ಆ ದಾರಿಯ ಕಷ್ಟ ಏನು ಗೊತ್ತೆ? ತಲೆಹೊರೆಯನ್ನು ತಾನೇ ಇಳಿಸಲಾಗದು, ತಾನೇ ಎತ್ತಿಕೊಳ್ಳಲೂ ಆಗದು. ಇನ್ನೊಬ್ಬರ ಕೈ ಬೇಕು, ಆ ಇನ್ನೊಬ್ಬರ ತಲೆ ಖಾಲಿ ಇರಬೇಕು. ಕೆಡವಿಬಿಡೋಣವೆಂದರೆ ಅದು ಉಪ್ಪು. ಚೆಲ್ಲಿದ ಉಪ್ಪನ್ನು ಸತ್ತ ಮೇಲೆ ಕಣ್ಣಿನ ರೆಪ್ಪೆಯಿಂದ ಒಂದೊಂದೇ ಹರಳಾಗಿ ಹೆಕ್ಕಬೇಕು ಅಂತ ಅವರೆಲ್ಲ ನಂಬಿದ್ದರಂತೆ.

ಹೊನ್ನಿಯ ನಡಿಗೆ ನಿಧಾನ, ಅದಕ್ಕೆ ಎಲ್ಲರಿಗಿಂತ ಮೊದಲು ಹೊರಟಳಂತೆ. ಒಣಹಳ್ಳ ದಾಟುವಾಗ ಬೊಮ್ಮ ಹಿಂದಿನಿಂದ ಬಂದ. ಅಣ್ಣಾ, ಹೊಟ್ಟೆ ಹಿಂಡುತ್ತಿದೆ, ಒಂದು ಗಳಿಗೆ ಇಳಿಸು, ಅಂದಳಂತೆ. ಹಿಂದೆ ಈರ ಬರುತ್ತಿದ್ದಾನೆ, ಅವನು ಇಳಿಸುತ್ತಾನೆ ಬಿಡು, ಅಂದು ಬೊಮ್ಮ ಮುಂದೆ ಹೋದ. ಆಮೇಲೆ ಹುಣಸೆಮರದ ಹತ್ತಿರ ಈರ ಬಂದ. ಏನೇ, ಒಳಗಿರುವುದು ಕೂಸೋ ಗೂಳಿಯೋ, ಅಂತ ನಕ್ಕು, ಹಿಂದೆ ಸಣ್ಣು ಇದ್ದಾನಲ್ಲ, ಅಂದು ಅವನೂ ಹೋದ. ಆಮೇಲೆ ಕಡಿದಾದ ಏರಿನಲ್ಲಿ ಸಣ್ಣು ಬಂದ. ಅವನ ಹಿಂದೆ ಯಾರೂ ಇರಲಿಲ್ಲ.

ತಮ್ಮಾ, ನೀನಾದರೂ ಇಳಿಸೋ.

ನನ್ನ ತಲೆ ಖಾಲಿಯಿಲ್ಲವಲ್ಲ ಅಕ್ಕಾ, ಮೊದಲು ನನ್ನದನ್ನು ಇಳಿಸುವವರು ಯಾರು?

ಕೆಡವು.

ಉಪ್ಪಕ್ಕಾ ಇದು, ರೆಪ್ಪೆಯಲ್ಲಿ ಹೆಕ್ಕಬೇಕಾಗುತ್ತೆ, ಅಂತ ಅವನು ಅತ್ತನಂತೆ. ಅಳುತ್ತಲೇ ಹತ್ತಿಹೋದನಂತೆ.

ಸಂತೆಯಲ್ಲಿ ವ್ಯಾಪಾರಿ ಬಂದು ಅಣ್ಣತಮ್ಮಂದಿರ ತಲೆಯ ಹೊರೆ ಎಳೆದ, ಬರಲಿಲ್ಲ. ಹಮಾಲಿಗಳು ಎಳೆದರು, ಬರಲಿಲ್ಲ. ಎತ್ತಿಗೆ ಹಗ್ಗ ಕಟ್ಟಿ ಎಳೆಸಿದರು, ಮೂವರ ಕತ್ತು ಉಳುಕಿತೇ ಹೊರತು ಹೊರೆ ಅಲ್ಲಾಡಲಿಲ್ಲವಂತೆ. ಆಗ ವೀಳ್ಯದೆಲೆ ಮಾರುವ ಮುದುಕಿ ಕೇಳಿದಳಂತೆ, ಯಾರ ಹೊರೆ ಇಳಿಸದೆ ಬಂದಿರಪ್ಪಾ? ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದ ದಾರಿಯಲ್ಲೇ ಓಡಿದರಂತೆ.

ಏರಿನಲ್ಲಿ ಹೊನ್ನಿ ತಲೆಗಿಂತ ತುಸು ಎತ್ತರದ ಬಂಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಣ್ಣು ತೆರೆದಿತ್ತು, ತಲೆಯ ಮೇಲೆ ಹೊರೆ ಹಾಗೇ ಇತ್ತು. ಉಸಿರು ಇರಲಿಲ್ಲ. ಮಗುವೇ? ಮಗುವೂ ಅವಳ ಜೊತೆಗೇ ಹೋಯಿತು ಕೂಸೇ. ಸುಳ್ಳು ಹೇಳಿ ಮಲಗಿಸುವ ಅಭ್ಯಾಸ ನನಗಿಲ್ಲ.

ಮನಸ್ಸು ತಡೆಯದೆ ಗಂಜಿಯ ಚೆಂಬು ಹಿಡಿದು ತಡವಾಗಿ ಹೊರಟು ಹತ್ತಿ ಬಂದಿದ್ದ ಅವ್ವ ಅಲ್ಲಿಗೆ ತಲುಪಿದಳಂತೆ. ಅವಳೊಬ್ಬಳದೇ ತಲೆ ಖಾಲಿ. ಮಗಳ ಹೊರೆ ಇಳಿಸಿ ಬಂಡೆಯ ಮೇಲಿಟ್ಟಳು, ಕಣ್ಣು ಮುಚ್ಚಿಸಿದಳು, ಅಲ್ಲೇ ಮಣ್ಣು ಮಾಡಿಸಿದಳು. ಆಮೇಲೆ ಮೂವರೂ ಅವ್ವಾ, ನಮ್ಮದನ್ನೂ ಇಳಿಸು, ಅಂತ ಕಾಲಿಗೆ ಬಿದ್ದರೆ, ಅವಳು ಕೈ ಎತ್ತಲಿಲ್ಲವಂತೆ. ಹೊನ್ನಿ ಎಲ್ಲೆಲ್ಲಿ ಕೇಳಿದಳೋ ಅಲ್ಲಲ್ಲಿ ಇಳಿಸುವವರನ್ನು ನಿಲ್ಲಿಸಿ, ಅಂದಳಂತೆ. ಯಾರನ್ನು ನಿಲ್ಲಿಸಲಿ ಅವ್ವಾ, ಅಂದ ಬೊಮ್ಮ. ಕಲ್ಲು ನಿಲ್ಲಿಸಿ. ಕಲ್ಲಿನ ತಲೆ ಯಾವಾಗಲೂ ಖಾಲಿ.

ಹೊರೆ ಹೊತ್ತುಕೊಂಡೇ ಚಪ್ಪಡಿ ಎಳೆದರಂತೆ. ಅವಳು ಕೇಳಿದ ಮೂರೂ ಕಡೆ ಎರಡೆರಡು ಕಲ್ಲು ನೆಟ್ಟು, ಮೇಲೊಂದು ಅಡ್ಡ ಹಾಸಿ, ಹೆಗಲೆತ್ತರಕ್ಕೆ ಕಟ್ಟಿದರಂತೆ. ಒಣಹಳ್ಳದ ಕಲ್ಲಿನ ಮೇಲೆ ಸೌದೆಯವಳೊಬ್ಬಳು ಯಾರ ಹಂಗಿಲ್ಲದೆ ತನ್ನ ಹೊರೆ ಜಾರಿಸಿ, ಅಬ್ಬಾ ತಾಯಿ, ಅಂದಳು. ಬೊಮ್ಮನ ತಲೆಯ ಹೊರೆ ಬಿತ್ತು. ಹುಣಸೆಮರದ ಕಲ್ಲಿನ ಮೇಲೆ ಕುಂಬಾರನೊಬ್ಬ ಗಡಿಗೆಗಳ ಬುಟ್ಟಿ ಇಟ್ಟ, ಈರನದೂ ಬಿತ್ತು. ಏರಿನ ಕಲ್ಲಿಗೆ ಮಾತ್ರ ಯಾರೂ ಬರಲಿಲ್ಲ. ಬಸುರಿ ಸತ್ತ ಜಾಗ ಅಂತ ಜನ ಬಳಸಿಕೊಂಡು ಹೋಗುತ್ತಿದ್ದರಂತೆ. ಸಣ್ಣು ಬಿಸಿಲಲ್ಲಿ ನಿಂತ, ಇಬ್ಬನಿಯಲ್ಲಿ ನಿಂತ. ಕತ್ತು ಹೆಗಲೊಳಗೆ ಇಳಿಯಿತು, ಮೀಸೆ ಮೂಡುವ ವಯಸ್ಸಿಗೇ ಕೂದಲು ಬೆಳ್ಳಗಾಯಿತು. ಆದರೂ ಅವ್ವನನ್ನು ಕರೆಯಲಿಲ್ಲವಂತೆ.

ಒಂದು ದಿನ ಅವ್ವ ತಾನಾಗಿಯೇ ಬಂದಳು. ಬಂಡೆಗೆ ತಲೆಯೊಡ್ಡಿ ಹೊನ್ನಿಯ ಹೊರೆಯನ್ನು ತಾನು ಹೊತ್ತಳು, ಕಲ್ಲಿನವರೆಗೆ ನಡೆದಳು, ಅದರ ಮೇಲೆ ಜಾರಿಸಿದಳು. ಸಣ್ಣುವಿನ ಹೊರೆ ನೆಲಕ್ಕೆ ಬಿದ್ದು ಒಡೆಯಿತು. ದಾರಿಯೆಲ್ಲ ಉಪ್ಪು. ಅವನು ಅದರತ್ತ ತಿರುಗಿಯೂ ನೋಡಲಿಲ್ಲವಂತೆ. ಕಲ್ಲಿನ ಪಕ್ಕ ಬಗ್ಗಿ, ಅಕ್ಕನ ಹೊರೆಯನ್ನು ತನ್ನ ತಲೆಗೆ ಎಳೆದುಕೊಂಡು, ಒಂದು ಹರಳೂ ಚೆಲ್ಲದಂತೆ ಸಂತೆಯ ಕಡೆ ಹತ್ತಿದನಂತೆ. ಅವ್ವ ಖಾಲಿ ತಲೆಯಲ್ಲಿ ಅವನ ಹಿಂದೆಯೇ ನಡೆದಳಂತೆ. ಇಳಿಸುವವರು ಒಬ್ಬರು ಬೇಕಲ್ಲ.

ಅಂದಿನಿಂದ ಆ ದಾರಿಯಲ್ಲಿ ಯಾರೂ ಹೊರೆ ಹೊತ್ತು ಸತ್ತಿಲ್ಲವಂತೆ. ಕಲ್ಲಿನ ಮೇಲೆ ಹೊರೆ ಇಡುವಾಗ, ಹೊನ್ನೀ, ಇಳಿಸಿದೆ ತಾಯಿ, ಅನ್ನುತ್ತಾರಂತೆ.

ನಾನೂ ಕತೆ ಇಳಿಸಿದೆ, ಮುಗೀತು. ಇನ್ನು ನಿನ್ನ ತಲೆಯನ್ನು ದಿಂಬಿನ ಮೇಲೆ ಇಳಿಸು.